ಶರಣಾಗತನ ಪಾಲು

ಅತಿಥಿಯನ್ನು ದೇವನೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತು ವಿಧಿಸಿರುವದು ಸರ್ವವಿದಿತವಾದುದು. ಆದರೆ ಅತಿಥಿಯೆಂಬವನು ಬಂದು ಹೋಗತಕ್ಕವನು. ಬಂದವನು ಹೋಗದೆ ನೆಲೆಸಿದರೆ ಅವನಿಗೆ ಸಲ್ಲತಕ್ಕುದೇನು? ಮೊದಲಿನಿಂದಿದ್ದ ಬಡವನ ಪಾಲನ್ನು ಕಿರಿದುಮಾಡಿ ಅವನಿಗೆ ಕೊಡುವದು ಧರ್ಮವೇ? ರಾಯಚೂರು ಜಿಲ್ಲೆಯಲ್ಲಿ ಇದು ಕೇವಲ ಶಾಸ್ತ್ರಚರ್ಚೆಯ ಪ್ರಶ್ನೆಯಲ್ಲ.

ಪೂರ್ವ ಪಾಕಿಸ್ತಾನದಲ್ಲಿ ಮನೆಮಾರುಗಳನ್ನು ತೊರೆದು ಬಂದ ಬಂಗಾಲಿ ಕುಟುಂಬಗಳನ್ನು ಭಾರತ ಸರಕಾರವು ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿ ಜಮೀನು ಕೊಟ್ಟಿತು. ಅದಕ್ಕೂ ಮೊದಲೇ, 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಬಳಿಕ, ಆಂಧ್ರದ ರೈತರು ಬಂದು, ಹಣ ತೆತ್ತು ಭೂಮಿಯನ್ನು ಕೊಂಡು, ಸಿಂಧನೂರು ಮಾನ್ವಿಗಳ ಸೀಮೆಯಲ್ಲಿ ತಮ್ಮ ಕ್ಯಾಂಪುಗಳನ್ನು ಕಟ್ಟಿಕೊಂಡಿದ್ದರು. 1985ರಲ್ಲಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಕೇಂದ್ರದ ಮೊದಲ ಘಟಕವು ಆರಂಭವಾಯಿತು. ಅಲ್ಲಿಗೂ ದುಡಿಮೆಯ ನಿಮಿತ್ತ ಹೊರಗಿನವರು ಬಂದರು.

ಈ ಮೂವರನ್ನೂ ‘ಹೊರಗಿನವರು’ ಎಂಬ ಒಂದೇ ಹೆಸರಿನಿಂದ ಕರೆದು, ಎಲ್ಲರೂ ಸರಕಾರದ ಅನ್ನವನ್ನು ಉಣ್ಣುವವರೆನ್ನುವದು ಮೊದಲನೆಯ ಭ್ರಾಂತಿ. ಒಬ್ಬನು ಶರಣಾಗತ, ಒಬ್ಬನು ಕ್ರಯಕ್ಕೆ ಕೊಂಡವನು, ಒಬ್ಬನು ದುಡಿದು ಕೂಲಿ ಪಡೆಯುವವನು. ಪುನರ್ವಸತಿಯ ಜಮೀನು ದೊರೆತದ್ದು ಮೊದಲನೆಯವನಿಗೆ. ಅದನ್ನೂ ಅವನು ಉತ್ತು ಬಿತ್ತಿಯೇ ಉಣ್ಣಬೇಕಾಯಿತು. ಉಳಿದಿಬ್ಬರು ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ದೇಶದ ಯಾವ ಭಾಗದಲ್ಲಿಯೂ ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ನಾಗರಿಕರಿಗೆಲ್ಲ ಕೊಟ್ಟಿರುವದು.

ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟದಿರಲು ಹೊರಗಿನವರೇ ಕಾರಣರೆಂಬುದು ಎರಡನೆಯ ಮಾತು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮಾನ್ವಿ, ರಾಯಚೂರು ತಾಲೂಕುಗಳ ಕೊನೆಯ ಹೊಲದವನ ದುಃಖವು ನಿಜವಾದುದು; ಬತ್ತದ ಬೇಸಾಯವನ್ನು ಈ ಸೀಮೆಯಲ್ಲಿ ಹಬ್ಬಿಸಿದವರಲ್ಲಿ ಆಂಧ್ರದ ರೈತರು ಮುಖ್ಯರು. ಆದರೆ ಯೋಜನೆಯ ಮಿತಿಯನ್ನು ಮೀರಿ ಬತ್ತ ಹಾಕುವವರಲ್ಲಿ ಸ್ಥಳೀಕರೂ ಇರುವರು. ಜಲಾಶಯದಲ್ಲಿ ಹೂಳು ತುಂಬಿರುವದು ಯಾವ ವಲಸೆಗಾರನ ಅಪರಾಧವೂ ಅಲ್ಲ. ಹಂಚಿಕೆಯ ದೋಷವನ್ನು ಹುಟ್ಟೂರಿನ ದೋಷವೆಂದು ತಿಳಿದರೆ ನೀರು ಬರಲಾರದು, ದ್ವೇಷ ಮಾತ್ರ ಬಂದೀತು.

ಮತ್ತೊಂದು ಸಂಗತಿಯು ವಿಚಾರಾರ್ಹವಾಗಿದೆ. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಸುಗ್ಗಿ ತೀರಿದೊಡನೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವವರು ಅನೇಕರು. ಅಲ್ಲಿ ಇವರೇ ಹೊರಗಿನವರು. 2020ರಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ದುಡಿದ ಊರಿನಲ್ಲಿ ಅನ್ನವಿಲ್ಲದೆ ಹೆದ್ದಾರಿ ಹಿಡಿದವರು ಇಂಥವರೇ. ತಮ್ಮ ಪಡಿತರ ಚೀಟಿಗೆ ಪರರಾಜ್ಯದಲ್ಲಿಯೂ ಧಾನ್ಯವನ್ನು ಪಡೆಯುವ ವ್ಯವಸ್ಥೆಯು 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಪುಣೆಯಲ್ಲಿ ದೇವದುರ್ಗದವನಿಗೆ ನ್ಯಾಯವಾದುದು ಶಕ್ತಿನಗರದಲ್ಲಿ ಬಿಹಾರದವನಿಗೆ ಅನ್ಯಾಯವಾಗುವದೆಂತು?

ಶಿಬಿಯ ಉಪಾಖ್ಯಾನವನ್ನು ಹೇಳುವವರು ಪಾರಿವಾಳವನ್ನು ನೆನೆಯುವರು, ಗಿಡುಗವನ್ನು ಮರೆಯುವರು. ತನ್ನ ಆಹಾರವನ್ನು ಕಸಿದುದು ಧರ್ಮವೇ ಎಂದು ಗಿಡುಗವೂ ಕೇಳಿತ್ತು. ಆ ಹಸಿವು ಸುಳ್ಳೆಂದು ಅರಸನು ಹೇಳಲಿಲ್ಲ. ಶರಣಾಗತನನ್ನು ಬಿಡದೆ, ಹಸಿದವನನ್ನೂ ಕಳುಹದೆ, ಕೊಡತಕ್ಕುದನ್ನು ತನ್ನ ಮೈಯಿಂದಲೇ ಕೊಟ್ಟನು. ಹೊಸಬನಿಗೆ ನೆಲೆ ಕೊಡುವ ರಾಜ್ಯವು ಕೊನೆಯ ಹೊಲದವನಿಗೆ ನೀರನ್ನೂ, ಗುಳೆ ಹೋಗುವವನಿಗೆ ಊರಿನಲ್ಲಿ ಕೆಲಸವನ್ನೂ ಒದಗಿಸಲು ಬದ್ಧವಾಗಿದೆ. ಅದರ ವೆಚ್ಚವನ್ನು ಬಡವರಿಬ್ಬರ ನಡುವಿನ ಜಗಳಕ್ಕೆ ಬಿಡದೆ, ಉಳ್ಳವರು ತಮ್ಮ ಪಾಲಿನಿಂದ ತೆರುವದೇ ಶಿಬಿಯ ಮಾರ್ಗವು.