ಜೀನು ಬಿಗಿಯುವ ಮುನ್ನ

ಕುದುರೆ ಕನ್ನಡದ ಮಾತು. ಅದರ ಮೇಲೆ ನಾವು ಹಾಕುವ ಜೀನು, ಲಗಾಮು, ಏರಿ ಕೂರುವ ಸವಾರ, ಇವೆಲ್ಲ ಪಾರ್ಸಿಯಿಂದ ಬಂದವು. ಕುದುರೆ ಪಳಗಿಸುವವನಿಗೆ ಉರ್ದುವಿನಲ್ಲಿ 'ಚಾಬುಕ್ ಸವಾರ್' ಎನ್ನುತ್ತಾರೆ. ಹೆಸರಿನಲ್ಲೇ ಚಾಟಿ ಇದೆ. ಚಾಟಿಯಿಲ್ಲದೆ ಪಳಗಿಸಲು ಆಗದೇ?

ಬೆಂಗಳೂರಿನ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ ತಲುಪಿದ್ದನ್ನು ಕಂಡಂದಿನಿಂದ ನಮ್ಮ ಮಗಳಿಗೆ ಕುದುರೆ ಏರುವ ಆಸೆ. ಒಂದು ಭಾನುವಾರ ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಟ್ಟಡಗಳನ್ನು ದಾಟಿ ಸವಾರಿ ಶಾಲೆಯೊಂದಕ್ಕೆ ಹೋದೆವು. ಅಲ್ಲಿ ಎಳೆಯ ಕುದುರೆಯೊಂದಕ್ಕೆ ಪಾಠ ನಡೆದಿತ್ತು. ಉದ್ದ ಹಗ್ಗದ ತುದಿಯಲ್ಲಿ ಅದು ಸುತ್ತು ಹಾಕುತ್ತಿತ್ತು. ಹಗ್ಗ ಎಳೆದರೆ ಒತ್ತಡ. ಒಂದು ಹೆಜ್ಜೆ ಒಪ್ಪಿದ ಕೂಡಲೇ ಹಗ್ಗ ಸಡಿಲ. ಆ ಸಡಿಲವೇ ಬಹುಮಾನ. ಬಳಿಕ ಬೆನ್ನಿಗೆ ಬರೀ ಬಟ್ಟೆ. ಅದಕ್ಕೆ ಒಗ್ಗಿದ ಮೇಲೆ ಜೀನು, ಹೊಟ್ಟೆಯ ಪಟ್ಟಿಯನ್ನು ಒಂದೊಂದೇ ತೂತಿನಷ್ಟು ಬಿಗಿಯುತ್ತ. ಮನುಷ್ಯನ ಭಾರ ಎಲ್ಲಕ್ಕಿಂತ ಕೊನೆಗೆ.

ಅಂದು ಜೀನು ಕಂಡೊಡನೆ ಕುದುರೆ ಪಕ್ಕಕ್ಕೆ ಸರಿಯಿತು. ಪಳಗಿಸುವಾತ ಜೀನನ್ನು ಬೇಲಿಗೆ ಹಾಕಿ ಮತ್ತೆ ಬಟ್ಟೆ ಹೊದಿಸಿದ, ಕತ್ತು ಸವರಿದ, ಅಷ್ಟಕ್ಕೇ ಮುಗಿಸಿದ. ಹೀಗಾದರೆ ಹಟ ಕಲಿಯುವುದಿಲ್ಲವೇ ಎಂದು ಕೇಳಿದೆವು.

"ಹಟ ಬೇರೆ, ಹೆದರಿಕೆ ಬೇರೆ ಸಾರ್. ಕಟ್ಟಿಹಾಕಿ ಬಿಗಿದ್ರೆ ನಿಂತ್ಕೊಳ್ಳುತ್ತೆ. ಆದ್ರೆ ಅದು ಒಪ್ಪಿದ್ದಲ್ಲ, ಸೋತಿದ್ದು."

ನಂಬಿ ನಿಂತ ಕುದುರೆಯ ಕಿವಿ ಆಡುತ್ತದೆ, ತಲೆ ತಗ್ಗುತ್ತದೆ. ಸೋತು ನಿಂತದ್ದರ ಕಣ್ಣು ಮಂಕು. ದೂರದಿಂದ ನೋಡಿದರೆ ಎರಡೂ ಸಾಧು ಕುದುರೆಗಳೇ. ಈ ವ್ಯತ್ಯಾಸ ತಿಳಿಯಲು ಸಮಯ ಬೇಕು. ಅವಸರದವನಿಗೆ ಅದು ಕಾಣದು. ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆ ಸಾಕಿದ ಕುಣಿಗಲ್ ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ರೇಸಿನ ಮರಿಗೆ ಎರಡು ವರ್ಷದ ಆಸುಪಾಸಿನಲ್ಲೇ ಜೀನು ಬೀಳುತ್ತದೆ.

ನಾವೂ ಯಾರದೋ ಹಗ್ಗ ಹಿಡಿದವರೇ. ಮನೆಯಲ್ಲಿ ಮಕ್ಕಳಿದ್ದಾರೆ. ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಮುಂದೆ ಕೆಲಸ ಕಲಿಯಲು ನಿಂತ ಹುಡುಗರಿದ್ದಾರೆ. 'ಎದುರು ಮಾತಾಡುವುದಿಲ್ಲ' ಎಂದು ಅವರನ್ನು ಹೊಗಳುತ್ತೇವೆ. ಅದು ನಂಬಿಕೆಯ ಮೌನವೋ ಸೋಲಿನ ಮೌನವೋ ಎಂದು ಎಂದಾದರೂ ಹತ್ತಿರ ಹೋಗಿ ನೋಡಿದ್ದೇವೆಯೇ?

ಕುದುರೆಯಿಂದ ಪೂರ್ತಿ ಒಪ್ಪಿಗೆ ಪಡೆಯಲು ನಮಗೆ ಎಂದಿಗೂ ಆಗದು. ನಮ್ಮನ್ನು ಹೊರುತ್ತೇನೆಂದು ಅದೇನೂ ಕೇಳಿಕೊಂಡಿರಲಿಲ್ಲ. ಬೇಡವೆನ್ನಲು ಅದಕ್ಕೊಂದು ಜಾಗ ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟನ್ನೂ ಬಿಡದವನು ಸವಾರನಾಗಬಹುದು, ಗುರುವಾಗಲಾರ.

ಮಗಳು ಅಂದು ಕುದುರೆ ಏರಲಿಲ್ಲ. ಬೇಲಿಯಾಚೆ ಕೈ ಚಾಚಿ ನಿಂತಳು. ಅದು ತಾನಾಗಿ ಬಂದು ಮೂಸುವವರೆಗೆ ಕಾದಳು.