ಅಪೂರ್ವ ಸಸ್ಯಸಂಗ್ರಹ ಮತ್ತು ಶ್ರಾವಕನ ಅಚೌರ್ಯವ್ರತ

ಲೋಳೆಸರದ ಗಿಡವನ್ನು ಬೇರುಸಹಿತ ಕಿತ್ತು, ದೃಷ್ಟಿ ತಾಗದಿರಲೆಂದು ತಲೆಬಾಗಿಲಿಗೆ ತಲೆಕೆಳಗಾಗಿ ಕಟ್ಟುವ ರೂಢಿ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಮಣ್ಣಿಲ್ಲದೆ, ನೀರಿಲ್ಲದೆ ಆ ಗಿಡ ತಿಂಗಳುಗಟ್ಟಲೆ ಪ್ರಾಣ ಹಿಡಿದುಕೊಂಡಿರುತ್ತದೆ. ಅದರ ಕೆಳಗೇ ದಿನಕ್ಕೆ ಹತ್ತು ಸಲ ಹಾದುಹೋಗುವ ನಾವು, ಒಂದು ಜೀವವು ಅಲ್ಲಿ ಉಪವಾಸವಿದೆ ಎಂದು ಎಣಿಸುವುದು ಅಪರೂಪ. ಜೀವದ ಸಹನೆಯನ್ನು ಜೀವದ ಅಭಾವವೆಂದು ತಿಳಿಯುವುದು ಮನುಷ್ಯನ ಹಳೆಯ ಪ್ರಮಾದ.

ಲೋಳೆಸರ, ಕಳ್ಳಿ, ಪಾಪಾಸುಕಳ್ಳಿ, ಕಾಡುಬಸಳೆ ಮೊದಲಾಗಿ ಎಲೆ ಕಾಂಡಗಳಲ್ಲಿ ನೀರನ್ನು ತುಂಬಿಕೊಂಡು ಬದುಕುವ ಈ ರಸಭರಿತ ಸಸ್ಯಗಳನ್ನು ನರ್ಸರಿಯವರು ‘ಸಕ್ಯುಲೆಂಟ್’ ಎಂದು ಕರೆಯುತ್ತಾರೆ. ಈಚಿನ ವರ್ಷಗಳಲ್ಲಿ, ಅದರಲ್ಲಿಯೂ 2020ರಲ್ಲಿ ಜನರು ಮನೆಯೊಳಗೇ ಉಳಿಯಬೇಕಾಗಿ ಬಂದಂದಿನಿಂದ, ಇವುಗಳನ್ನು ಕೂಡಿಡುವ ಹವ್ಯಾಸ ಬಹಳ ಬೆಳೆದಿದೆ. ನಮ್ಮ ಸಮಾಜದ ಮನೆಗಳೂ ಇದಕ್ಕೆ ಹೊರತಲ್ಲ. ಮೇಲುನೋಟಕ್ಕೆ ಇದು ಅತ್ಯಂತ ನಿರ್ದೋಷವಾದ ಹವ್ಯಾಸ. ಇಲ್ಲಿ ಬೇಟೆಯಿಲ್ಲ, ಜೂಜಿಲ್ಲ. ಇರುವುದು ಮಣ್ಣು, ಮಡಕೆ ಮತ್ತು ತಾಳ್ಮೆ. ಹೀಗಿರುವಾಗ ಇದರಲ್ಲಿ ಧರ್ಮವಿಚಾರ ಮಾಡಬೇಕಾದದ್ದೇನಿದೆ ಎಂದು ವಾಚಕರು ಕೇಳಬಹುದು. ಈ ಲೇಖಕನೂ ಬಹುಕಾಲ ಹಾಗೆಯೇ ಭಾವಿಸಿದ್ದನು. ಆ ಭಾವನೆ ಹೇಗೆ ಮುರಿಯಿತೆಂಬುದನ್ನು ಸಂಕೋಚದಿಂದಲೇ ಇಲ್ಲಿ ನಿವೇದಿಸುತ್ತೇನೆ.

ಕೆಲಸದಿಂದ ನಿವೃತ್ತನಾದ ಮೇಲೆ ಹತ್ತಾರು ಕುಂಡಗಳಿಂದ ಆರಂಭವಾದ ನನ್ನ ಸಂಗ್ರಹ ಕೆಲವೇ ವರ್ಷಗಳಲ್ಲಿ ನೂರೈವತ್ತನ್ನು ಮೀರಿತು. ಆಗ ಪರಊರಿನ ವ್ಯಾಪಾರಿಯೊಬ್ಬರಿಂದ ಕೋಪಿಯಾಪೋವಾ ಎಂಬ ಜಾತಿಯ ಪಾಪಾಸುಕಳ್ಳಿಯೊಂದನ್ನು ದೊಡ್ಡ ಬೆಲೆಗೆ ತರಿಸಿಕೊಂಡೆ. ಬೂದಿ ಬಳಿದಂತಹ ಮೈ, ಕಪ್ಪು ಮುಳ್ಳು, ಒಂದು ಮಗ್ಗುಲಿನಲ್ಲಿ ಹಳೆಯ ಗಾಯದ ಗುರುತು. ಬಂದವರಿಗೆಲ್ಲ ಅದನ್ನು ತೋರಿಸಿ, “ಇದು ನನಗಿಂತಲೂ ಹಿರಿಯದು” ಎಂದು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ನನ್ನ ಧರ್ಮಪತ್ನಿ, “ನಿಮಗಿಂತ ಹಿರಿಯದಾದರೆ ಇದನ್ನು ಬೆಳೆಸಿದವರು ಯಾರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವ್ಯಾಪಾರಿಯ ನರ್ಸರಿಗೆ ಹತ್ತು ವರ್ಷವೂ ತುಂಬಿರಲಿಲ್ಲ. ಕುಂಡದಿಂದ ಗಿಡವನ್ನು ಬಿಡಿಸಿ ನೋಡಿದಾಗ, ತಾಯಿಬೇರು ಹಾರೆಯ ಏಟಿಗೆ ತುಂಡಾಗಿತ್ತು. ಬುಡದ ಸಂದಿನಲ್ಲಿ ನಮ್ಮ ನೆಲದ್ದಲ್ಲದ ಒರಟು ಹರಳುಗಳು ಸಿಕ್ಕಿಕೊಂಡಿದ್ದವು. ಅದನ್ನು ಯಾರೂ ಬೆಳೆಸಿರಲಿಲ್ಲ. ಯಾರೋ ಕಿತ್ತು ತಂದಿದ್ದರು.

ಕೋಪಿಯಾಪೋವಾ ಗಿಡಗಳ ತವರು ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿಯ ಕಡಲಂಚು. ಅಲ್ಲಿ ಮಳೆಯೆಂಬುದು ಇಲ್ಲವೆನ್ನುವಷ್ಟು ಅಪರೂಪ. ಸಮುದ್ರದಿಂದ ತೇಲಿಬರುವ ಮಂಜಿನ ತೇವವೇ ಅವುಗಳ ಆಹಾರ. ಆದುದರಿಂದ ಅವುಗಳ ಬೆಳವಣಿಗೆ ಅತಿ ಮಂದ. ಹಿರಿಯ ಗಿಡವೊಂದು ಹಲವು ತಲೆಮಾರುಗಳ ಕಾಲವನ್ನು ಮೈಯಲ್ಲಿ ಹೊತ್ತಿರುತ್ತದೆ. ಬೀಜದಿಂದ ನರ್ಸರಿಯಲ್ಲಿ ಬೆಳೆಸಿದ ಎಳೆಯ ಗಿಡ ಸಾಮಾನ್ಯವಾಗಿ ಹಸಿರಾಗಿ, ನುಣುಪಾಗಿರುತ್ತದೆ. ಬಿಸಿಲಿಗೂ ಗಾಳಿಗೂ ಸವೆದ ಮೈಗೆ ಸಂಗ್ರಾಹಕರಲ್ಲಿ ಬೆಲೆ ಹೆಚ್ಚು. ಅಂದರೆ, ಕಾಡಿನಿಂದ ಕದ್ದುದರ ಗುರುತೇ ಇಲ್ಲಿ ಸೌಂದರ್ಯದ ಗುರುತಾಗಿದೆ.

2020ರ ಫೆಬ್ರವರಿಯಲ್ಲಿ ಇಟಲಿಯ ಸೆನಿಗಾಲಿಯಾ ಪಟ್ಟಣದಲ್ಲಿ ಪೊಲೀಸರು ಹೀಗೆ ಕದ್ದು ತಂದ ಸಾವಿರಕ್ಕೂ ಹೆಚ್ಚು ಚಿಲಿಯ ಗಿಡಗಳನ್ನು ವಶಪಡಿಸಿಕೊಂಡರು. 2021ರಲ್ಲಿ ಅವುಗಳಲ್ಲಿ ಎಂಟುನೂರಕ್ಕೂ ಮಿಕ್ಕಿದವು ಚಿಲಿಗೆ ಹಿಂದಿರುಗಿದವು. ಕೆಲವು ಅಷ್ಟರಲ್ಲಿ ಸತ್ತಿದ್ದವು. ದಕ್ಷಿಣ ಆಫ್ರಿಕದ ಪಶ್ಚಿಮ ಭಾಗದಲ್ಲಿ ಸಕ್ಯುಲೆಂಟ್ ಕರೂ ಎಂಬ ಒಣನಾಡಿದೆ. ಸುಮಾರು 6000 ಸಸ್ಯಜಾತಿಗಳಿಗೆ ಅದು ನೆಲೆ. ಕೋನೊಫೈಟಮ್ ಎಂಬ, ಬೆಣಚುಕಲ್ಲಿನ ಹರಳನ್ನೇ ಹೋಲುವ ಪುಟ್ಟ ಗಿಡಗಳು ಅಲ್ಲಿವೆ. ಅವುಗಳಲ್ಲಿ ಕೆಲವು ಜಾತಿಗಳು ಒಂದೇ ಗುಡ್ಡದ ಇಳಿಜಾರಿನಲ್ಲಿ ಮಾತ್ರ ಬೆಳೆಯುತ್ತವೆ. 2019ರಿಂದೀಚೆಗೆ ಅಲ್ಲಿ ಲಕ್ಷಗಟ್ಟಲೆ ಗಿಡಗಳು ಕಳ್ಳಸಾಗಣೆದಾರರಿಂದ ವಶವಾಗಿವೆ. ಅಗೆಯುವವರು ಬಹುಮಟ್ಟಿಗೆ ಉದ್ಯೋಗವಿಲ್ಲದ ಸ್ಥಳೀಯ ಬಡವರು. ಸಿಕ್ಕಿಬಿದ್ದು ಸೆರೆಮನೆ ಕಾಣುವವರೂ ಅವರೇ. ಲಾಭ ದೂರದ ದಲ್ಲಾಳಿಗಳಿಗೆ, ಅಲಂಕಾರ ಅದಕ್ಕಿಂತ ದೂರದ ಮನೆಗಳಿಗೆ.

2015ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯೊಂದು 1478 ಪಾಪಾಸುಕಳ್ಳಿ ಜಾತಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 31ರಷ್ಟು ಅಳಿವಿನ ಭೀತಿಯಲ್ಲಿವೆಯೆಂದು ತಿಳಿಸಿತು. ಹಾಗೆ ಭೀತಿಗೊಳಗಾದ ಜಾತಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒದಗಿದ ಕುತ್ತುಗಳಲ್ಲಿ ಒಂದು, ಅಲಂಕಾರಕ್ಕಾಗಿ ಗಿಡಗಳನ್ನೂ ಬೀಜಗಳನ್ನೂ ಕಾಡಿನಿಂದ ತರುವುದು. ಪ್ರೀತಿಯೇ ಇಲ್ಲಿ ಘಾತುಕವಾಗಿದೆ ಎಂಬುದು ವಿಚಾರವಂತರು ಮನಗಾಣಬೇಕಾದ ಸಂಗತಿ.

ಇನ್ನು ನಮ್ಮ ಆಗಮಗಳತ್ತ ತಿರುಗೋಣ. ಸಸ್ಯವು ಏಕೇಂದ್ರಿಯ ಜೀವವೆಂಬುದು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿಯುವ ವಿಷಯ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ, ಅನಂತ ಜೀವಗಳಿಗೆ ಆಶ್ರಯವಾದ ಸಸ್ಯವನ್ನು ಗುರುತಿಸುವ ಲಕ್ಷಣಗಳನ್ನು ಹೇಳುತ್ತಾರೆ. ನರ ಗಂಟುಗಳು ಹೊರಗೆ ಕಾಣದಿರುವುದು, ಮುರಿದರೆ ನಾರಿಲ್ಲದೆ ಸಮನಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು ಅವುಗಳಲ್ಲಿ ಕೆಲವು. ಕಾಡುಬಸಳೆಯ ಎಲೆಯೊಂದು ನೆಲಕ್ಕೆ ಬಿದ್ದರೆ ಅದರ ಅಂಚಿನಲ್ಲಿ ಮರಿಗಿಡಗಳು ಹುಟ್ಟುವುದನ್ನು ನೋಡಿದವರಿಗೆ ಈ ಲಕ್ಷಣಗಳನ್ನು ವಿವರಿಸಬೇಕಾಗಿಲ್ಲ. ನಾವು ಶೋಕಿಗಾಗಿ ಆರಿಸಿಕೊಂಡಿರುವ ಗಿಡಗಳೇ ನಮ್ಮ ಆಚಾರ್ಯರು ಅತ್ಯಂತ ಎಚ್ಚರಿಕೆಯಿಂದ ಮುಟ್ಟಬೇಕೆಂದ ಗಿಡಗಳು.

ಗೃಹಸ್ಥನಿಗೆ ಸ್ಥಾವರಹಿಂಸೆಯನ್ನು ಸಂಪೂರ್ಣವಾಗಿ ಬಿಡಲು ಸಾಧ್ಯವಿಲ್ಲ. ಅವನು ಉಣ್ಣಬೇಕು, ಮನೆ ಕಟ್ಟಬೇಕು. ಆದರೆ ಪ್ರಯೋಜನವಿಲ್ಲದೆ ನೆಲವನ್ನಗೆಯುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದೊಳಗೆ ಸೇರಿಸುತ್ತಾರೆ. ಹಸಿವಿಗಾಗಿ ಕೊಯ್ದ ಸೊಪ್ಪಿಗೂ ಕಪಾಟಿನ ಸೊಗಸಿಗಾಗಿ ಅಗೆದ ಗಿಡಕ್ಕೂ ಇರುವ ಅಂತರ ಇಲ್ಲಿದೆ.

“ನಾನು ಕದಿಯಲಿಲ್ಲ, ಹಣ ಕೊಟ್ಟು ಕೊಂಡೆ” ಎಂಬುದು ನನ್ನ ಮೊದಲ ಸಮಾಧಾನವಾಗಿತ್ತು. ಈ ಸಮಾಧಾನಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು, ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವ ತದಾಹೃತಾದಾನವನ್ನು ಸ್ಪಷ್ಟವಾಗಿ ಹೆಸರಿಸಿದ್ದಾರೆ. ಕಾಡಿನ ಗಿಡವೇ ಬೇಕೆಂದು ಬೇಡಿಕೆಯಿಟ್ಟು, ಅಗೆಯುವ ಕೈಗೆ ಹಾರೆ ಕೊಡುವುದು ಸ್ತೇನಪ್ರಯೋಗ. ರಾಜ್ಯದ ಕಟ್ಟಳೆಯನ್ನು ಮೀರಿ ಸಾಮಗ್ರಿ ಸಾಗಿಸುವುದು ವಿರುದ್ಧರಾಜ್ಯಾತಿಕ್ರಮ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂದಿತು; ಭಾರತ 1976ರಲ್ಲಿ ಅದನ್ನು ಅಂಗೀಕರಿಸಿತು. ಪಾಪಾಸುಕಳ್ಳಿ ಕುಟುಂಬದ ಬಹುತೇಕ ಎಲ್ಲ ಜಾತಿಗಳೂ ಅದರ ಪಟ್ಟಿಗಳಲ್ಲಿವೆ. ಅತಿಚಾರವೆಂದರೆ, ವ್ರತವು ಉಳಿದಿದೆಯೆಂದು ನಾವು ನಂಬಿರುವಾಗಲೇ ಅದರಲ್ಲಿ ಬೀಳುವ ಬಿರುಕು. ಮೂಲವನ್ನು ಕೇಳದೆ ಕೊಂಡುದು ನನ್ನ ಅತಿಚಾರ. ತಿಳಿದ ಮೇಲೂ ಕೊಂಡಿದ್ದರೆ ಅದು ವ್ರತಭಂಗವೇ ಆಗುತ್ತಿತ್ತು.

ಎರಡನೆಯ ಸಮಾಧಾನ ಇನ್ನೂ ಸೂಕ್ಷ್ಮವಾದದ್ದು. “ಗಣಿಗಾರಿಕೆ, ಬರಗಾಲಗಳಿಂದ ಆ ಗಿಡಗಳು ತವರಿನಲ್ಲಿ ಹೇಗೂ ಸಾಯುತ್ತಿವೆ, ನನ್ನ ಮನೆಯಲ್ಲಾದರೂ ಬದುಕಲಿ” ಎಂಬ ವಾದವಿದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮೆಕ್ಸಿಕೋ ದೇಶದ ಚಿನ್ನದ ಬಣ್ಣದ ಮುಳ್ಳಿನ ಗುಂಡುಕಳ್ಳಿಯನ್ನು ನೋಡಿರಿ. ಅಣೆಕಟ್ಟೊಂದರ ನೀರು ಅದರ ತವರಿನ ಒಂದು ಭಾಗವನ್ನು ಮುಳುಗಿಸಿತು. ಕಾಡಿನಲ್ಲಿ ಅದು ಇಂದು ವಿರಳ. ಆದರೆ ಬೀಜದಿಂದ ಬೆಳೆಸಿದ ಅದರ ಸಂತತಿ ಜಗತ್ತಿನ ತೋಟಗಳಲ್ಲೆಲ್ಲ ಹೇರಳವಾಗಿದೆ. ನಮ್ಮ ನರ್ಸರಿಗಳಲ್ಲಿಯೂ ದೊರೆಯುತ್ತದೆ. ಬೀಜದಿಂದ ಬೆಳೆಸುವವನು ಒಂದನ್ನು ನೂರಾಗಿಸುತ್ತಾನೆ. ಕಿತ್ತು ತರುವವನು ಆ ನೆಲದ ಒಂದನ್ನು ಶೂನ್ಯವಾಗಿಸುತ್ತಾನೆ. ನನ್ನ ತಾರಸಿಯ ಮೇಲೆ ಒಂಟಿಯಾಗಿರುವ ಗಿಡಕ್ಕೆ ಅದರ ನಾಡಿನ ದುಂಬಿಯಿಲ್ಲ, ಪರಾಗ ಕೊಡುವ ಜೊತೆಗಿಡವಿಲ್ಲ, ಬೀಜ ಬೀಳಬೇಕಾದ ನೆಲವಿಲ್ಲ. ಅದು ಬದುಕಿದ್ದರೂ ಅದರ ಕುಲದ ಪಾಲಿಗೆ ಸತ್ತಂತೆಯೇ. ರಕ್ಷಣೆಯೆಂಬ ಹೆಸರಿಟ್ಟ ಮಾತ್ರಕ್ಕೆ ಲೋಭವು ದಯೆಯಾಗದು.

ಹಾಗಾದರೆ ಈ ಲೋಭದ ಬೇರೆಲ್ಲಿದೆ? ಪರಿಗ್ರಹವು ವಸ್ತುವಿನಲ್ಲಿಲ್ಲ, ವಸ್ತುವಿನ ಬಗೆಗಿನ ಮೂರ್ಛೆಯಲ್ಲಿದೆ ಎಂಬುದು ಆಚಾರ್ಯರ ನಿರ್ಣಯ. ಪರಿಗ್ರಹಪರಿಮಾಣ ವ್ರತದ ದೋಷಗಳಲ್ಲಿ ಸಮಂತಭದ್ರರು ಅತಿಸಂಗ್ರಹವನ್ನೂ ವಿಸ್ಮಯವನ್ನೂ ಹೇಳಿದ್ದಾರೆ. ಪರರ ಸಿರಿಯನ್ನು ಕಂಡು ಮನಸ್ಸು ಬೆರಗಾಗಿ ತನ್ನ ಮಿತಿಯನ್ನು ಮರೆಯುವುದೇ ಆ ವಿಸ್ಮಯವೆಂದು ನಾನು ಅರಿತಿದ್ದೇನೆ. ಅಪೂರ್ವ ಸಸ್ಯಗಳ ಸಂಗ್ರಹಕ್ಕೆ ಇದಕ್ಕಿಂತ ನಿಖರವಾದ ಲಕ್ಷಣ ಸಿಗಲಾರದು. ಇನ್ನೊಬ್ಬರಲ್ಲಿರುವುದು ನನ್ನಲ್ಲಿಲ್ಲವೆಂಬ ಬೇಗೆ, ದೊರೆತ ಮೇಲೆ ಇನ್ನೊಬ್ಬರಲ್ಲಿ ಇಲ್ಲವೆಂಬ ಹೆಮ್ಮೆ, ಇವೆರಡರ ನಡುವೆ ಗಿಡವು ಮರೆತೇ ಹೋಗುತ್ತದೆ. ಎಲ್ಲೆಡೆ ಸಿಗುವ ಲೋಳೆಸರವೂ ಅಷ್ಟೇ ಚೆಲುವಾದ ಜೀವ. ಆದರೆ ಅದನ್ನು ತೋರಿಸಿ ಯಾರೂ ಬೀಗುವುದಿಲ್ಲ.

ಈ ಗಿಡಗಳ ಜೀವನಕ್ರಮದಲ್ಲಿಯೇ ನಮಗೊಂದು ಪಾಠವಿದೆ. ಇವುಗಳಲ್ಲಿ ಹೆಚ್ಚಿನವು ಹಗಲಿನ ಬಿಸಿಲಿನಲ್ಲಿ ತಮ್ಮ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯನ್ನು ಪಡೆಯುತ್ತವೆ. ಹೀಗೆ ತಮ್ಮೊಳಗಿನ ನೀರನ್ನು ಉಳಿಸಿಕೊಳ್ಳುತ್ತವೆ. ಇವೂ ಸಂಗ್ರಹಿಸುತ್ತವೆ. ಆದರೆ ಆ ಸಂಗ್ರಹಕ್ಕೆ ತಮ್ಮ ದೇಹವೇ ಮಿತಿ, ಬರುವ ಬರಗಾಲವೇ ಪ್ರಯೋಜನ. ಮನುಷ್ಯನ ಸಂಗ್ರಹಕ್ಕೆ ದೇಹ ಮಿತಿ ಹಾಕದು; ಆದುದರಿಂದಲೇ ಅವನಿಗೆ ವ್ರತ ಬೇಕಾಯಿತು.

ನನ್ನಲ್ಲಿರುವ ಆ ಗಿಡವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಹುಕಾಲ ಬಾಧಿಸಿತು. ಅದು ಹುಟ್ಟಿದ ಬೆಟ್ಟ ಯಾವುದೆಂದು ತಿಳಿಯದ ಕಾರಣ ಮರಳಿಸುವಂತಿಲ್ಲ. ಮಾರಿದರೆ ನನ್ನ ದೋಷವನ್ನು ಇನ್ನೊಬ್ಬರಿಗೆ ದಾಟಿಸಿದಂತೆ. ಎಸೆದರೆ ಹಿಂಸೆ. ಖರೀದಿಯ ವಿವರಗಳನ್ನು ಸಂಬಂಧಪಟ್ಟ ಕಚೇರಿಗೆ ಬರೆದು ತಿಳಿಸಿದೆ; ಪ್ರತಿಕ್ರಮಣದಲ್ಲಿ ದೋಷವನ್ನು ಒಪ್ಪಿಕೊಂಡೆ. ಗಿಡ ಇನ್ನೂ ಬದುಕಿದೆ. ಅದಕ್ಕೆ ನೀರೆರೆಯುತ್ತೇನೆ, ಆದರೆ ಯಾರಿಗೂ ತೋರಿಸುವುದಿಲ್ಲ. ಕುಂಡಗಳ ಸಂಖ್ಯೆಯನ್ನು ನಲವತ್ತಕ್ಕೆ ನಿಯಮ ಮಾಡಿಕೊಂಡು, ಮಿಕ್ಕವನ್ನು ಅವುಗಳ ಮೂಲವನ್ನು ತಿಳಿಸಿಯೇ ಬಂಧುಗಳಿಗೆ ಹಂಚಿದೆ. ಮನಸ್ಸು ಹಗುರಾಯಿತೆಂದು ಹೇಳಲಾರೆ. ಬೇಡಿಕೆಯ ಸರಪಳಿಯಲ್ಲಿ ಒಂದು ಕೊಂಡಿ ಕಳಚಿತೆಂದಷ್ಟೇ ಹೇಳಬಲ್ಲೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಪ್ರಾಂಗಣದ ಅಲಂಕಾರಕ್ಕೆ ದಾನಿಗಳು ಅಪರೂಪದ ಗಿಡಗಳನ್ನು ಕೊಡಮಾಡಿದಾಗ, ಹಣದ ಮೂಲವನ್ನು ವಿಚಾರಿಸುವಂತೆ ಗಿಡದ ಮೂಲವನ್ನೂ ವಿಚಾರಿಸಬೇಕು. ಬೀಜದಿಂದ ಅಥವಾ ಕಡ್ಡಿಯಿಂದ ನರ್ಸರಿಯಲ್ಲಿ ಬೆಳೆದುದೇ? ಹೊರದೇಶದ್ದಾದರೆ ಆಮದಿನ ಪತ್ರಗಳಿವೆಯೇ? ಗಿಡದ ವಯಸ್ಸು ನರ್ಸರಿಯ ವಯಸ್ಸನ್ನು ಮೀರಿದೆಯೇ? ಈ ಮೂರು ಪ್ರಶ್ನೆಗಳು ಸಾಕು. ಉತ್ತರ ದೊರೆಯದಿದ್ದರೆ ವಿನಯದಿಂದ ನಿರಾಕರಿಸಬಹುದು. ದೊಡ್ಡವರ ಮನೆಯಲ್ಲಾಗಲಿ, ಜಿನಾಲಯದ ಅಂಗಳದಲ್ಲಾಗಲಿ, ಕದ್ದ ಜೀವಕ್ಕೆ ಶೋಭೆಯಿಲ್ಲ.

ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯ ತೊಡೆ ತೋಳುಗಳನ್ನು ಬಳ್ಳಿಗಳು ಬಳಸಿರುವುದನ್ನು ನಾವೆಲ್ಲ ಕಂಡಿದ್ದೇವೆ. ಸ್ವಾಮಿಯು ಆ ಬಳ್ಳಿಯನ್ನು ಕಿತ್ತೊಗೆಯಲಿಲ್ಲ, ತನ್ನದೆನ್ನಲೂ ಇಲ್ಲ. ಗೃಹಸ್ಥರಾದ ನಮಗೆ ಆ ಎತ್ತರ ಸಾಧ್ಯವಾಗದಿರಬಹುದು. ಆದರೆ ಮುಂದಿನ ಬಾರಿ ಗಿಡವೊಂದನ್ನು ಕೊಳ್ಳಲು ಕೈಚಾಚುವ ಮುನ್ನ, ಇದನ್ನು ಬೆಳೆಸಿದವರು ಯಾರು ಎಂದು ಕೇಳುವುದು ಪ್ರತಿಯೊಬ್ಬ ಶ್ರಾವಕನಿಗೂ, ಶ್ರಾವಿಕೆಗೂ ಸಾಧ್ಯ.