ಪಿತೃದಿನವನ್ನು ಹಬ್ಬವೆನ್ನಬಹುದೇ?

ಭಾದ್ರಪದ ಬಹುಳ ಪಕ್ಷವು ಬಂದಿತೆಂದರೆ ಮನೆಮನೆಗಳಲ್ಲಿ ಮಹಾಲಯದ ಸಿದ್ಧತೆ ತೊಡಗುತ್ತದೆ. ಮಡಿಯಿಂದ ಪಾಕವಾಗುತ್ತದೆ, ಬಾಳೆಲೆಗಳಿಗೆ ವಡೆ, ಪಾಯಸಗಳು ಬರುತ್ತವೆ, ಬಂಧುಗಳು ಕೂಡುತ್ತಾರೆ. ಇದನ್ನು ಕಂಡು, ಗತಿಸಿದವರ ಹೆಸರಿನಲ್ಲಿ ಭೋಜನದ ಸಂಭ್ರಮವು ಯೋಗ್ಯವೇ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಉಪೇಕ್ಷಿಸಲಾಗದು.

ಮೊದಲು ಶಬ್ದವನ್ನೇ ವಿಚಾರಿಸೋಣ. ಕನ್ನಡದ 'ಹಬ್ಬ', ತುಳುವಿನ 'ಪರ್ಬ' ಇವೆರಡೂ ಸಂಸ್ಕೃತದ 'ಪರ್ವ' ಶಬ್ದದಿಂದ ಬಂದವು. ಪರ್ವವೆಂದರೆ ಗಿಣ್ಣು, ಸಂಧಿ. ಕಬ್ಬಿನ ಜಲ್ಲೆಯ ಗಿಣ್ಣೂ ಪರ್ವವೇ. ಎರಡು ಪಕ್ಷಗಳು ಕೂಡುವ ಅಮಾವಾಸ್ಯೆ, ಹುಣ್ಣಿಮೆಗಳೂ ಪರ್ವಗಳೇ. ಆ ಅಮಾವಾಸ್ಯೆಯೇ ಪಿತೃತರ್ಪಣದ ದಿನವೂ ಆಗಿದೆ. ಆದುದರಿಂದ ಹಬ್ಬದ ಮೂಲಾರ್ಥವು ವಿನೋದವಲ್ಲ, ಜೋಡಣೆ.

ಪ್ರಾಚೀನ ಈಜಿಪ್ಟಿನವರ ಭಾಷೆಯಲ್ಲಿ ಹಬ್ಬಕ್ಕಿದ್ದ ಶಬ್ದವನ್ನು ವಿದ್ವಾಂಸರು 'ಹೆಬ್' ಎಂದು ಓದುತ್ತಾರೆ. ಅವರ ಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ನಡುವಣ ಎಕಾರವು ಇಂದಿನವರು ಸೇರಿಸಿಕೊಂಡದ್ದು. ನಮ್ಮ ಹಬ್ಬದೊಡನೆ ಅದಕ್ಕೆ ಧ್ವನಿಸಾಮ್ಯವಿದೆಯೇ ಹೊರತು ನಂಟಿಲ್ಲ. ಹಬ್ಬವು ಹಳಗನ್ನಡದಲ್ಲಿ 'ಪಬ್ಬ'ವಾಗಿದ್ದಿತು. ಆದರೆ ಆಚರಣೆಯ ಸಾಮ್ಯವು ಗಮನಾರ್ಹವಾಗಿದೆ. ಥೀಬ್ಸ್ ನಗರದಲ್ಲಿ 'ಕಣಿವೆಯ ಸುಂದರ ಹಬ್ಬ'ದಂದು ಅಮುನ್ ದೇವರ ಮೂರ್ತಿಯನ್ನು ಕಾರ್ನಾಕ್ ದೇವಾಲಯದಿಂದ ನೈಲ್ ನದಿಯ ಪಶ್ಚಿಮ ದಡಕ್ಕೆ ಒಯ್ಯುತ್ತಿದ್ದರು. ಆಗ ಕುಟುಂಬದವರು ಹಿರಿಯರ ಸಮಾಧಿಗಳ ಬಳಿ ಸೇರಿ, ಹೂವು, ಅನ್ನಪಾನಗಳನ್ನರ್ಪಿಸಿ, ತಾವೂ ಉಣ್ಣುತ್ತಿದ್ದರು.

ಅಷ್ಟು ದೂರವೇಕೆ? ಬಂಟ್ವಾಳ, ಬೆಳ್ತಂಗಡಿಗಳ ತುಳುವರ ಮನೆಗಳಲ್ಲಿ ಆಟಿ ತಿಂಗಳಿನಲ್ಲಿ ಕುಲೆಗಳಿಗೆ, ಎಂದರೆ ತೀರಿಹೋದವರಿಗೆ, ಅಗೆಲು ಬಡಿಸುತ್ತಾರೆ. ಮೂಡಬಿದಿರೆಯ ಜೈನರು ದೀಪಾವಳಿಯನ್ನು ಮಹಾವೀರನ ನಿರ್ವಾಣದಿನವೆಂದು ಆಚರಿಸುತ್ತಾರೆ. ನಾವಾದರೋ ಶ್ರೀಮದಾಚಾರ್ಯರು ಅದೃಶ್ಯರಾದ ಮಾಘ ಶುದ್ಧ ನವಮಿಯನ್ನೂ, ಶ್ರೀ ರಾಘವೇಂದ್ರತೀರ್ಥರು 1671ರಲ್ಲಿ ವೃಂದಾವನವನ್ನು ಪ್ರವೇಶಿಸಿದ ಶ್ರಾವಣ ಬಹುಳ ದ್ವಿತೀಯೆಯನ್ನೂ ಉತ್ಸವವಾಗಿಯೇ ನಡೆಸುತ್ತೇವೆ.

ಯತಿಗಳ ದಿನವು ಆರಾಧನೆ. ತಂದೆತಾಯಿಗಳ ದಿನವು ಶ್ರಾದ್ಧ. ಹೆಸರುಗಳು ಬೇರೆಯಾದರೂ ಎರಡರಲ್ಲಿಯೂ ಪೂಜ್ಯನು ಶ್ರೀಹರಿಯೊಬ್ಬನೇ. ಶ್ರಾದ್ಧದಲ್ಲಿ ನಾವು ತಂದೆ, ಅಜ್ಜ, ಮುತ್ತಜ್ಜಂದಿರನ್ನು ವಸು, ರುದ್ರ, ಆದಿತ್ಯರೂಪದಲ್ಲಿ ಸ್ಮರಿಸಿ, ಅವರ ಅಂತರ್ಗತರಾದ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರಿಗೆ ಅರ್ಪಿಸುತ್ತೇವೆ. ಮರಣವನ್ನು ಕೊಂಡಾಡುವುದಲ್ಲ ಇದು. ಮರಣವು ಕಡಿಯಲಾರದ ನಂಟನ್ನು ಅವನ ಮೂಲಕ ದೃಢಪಡಿಸುವುದು. ಆದುದರಿಂದಲೇ ಶ್ರಾದ್ಧತಿಥಿಯು ಏಕಾದಶಿಯಂದು ಬಂದರೆ ನಾವು ದ್ವಾದಶಿಯಂದು ಮಾಡುತ್ತೇವೆ. ಹರಿದಿನದ ಮುಂದೆ ಪಿತೃದಿನದ ಭೋಜನವೂ ಕಾಯಬೇಕು.

ಹೀಗಿರುವಾಗ ಊರವರ ಮಾತಿಗಂಜಿ ಬೊಜ್ಜದ ಊಟಕ್ಕೆ ಸಾಲ ಮಾಡುವುದು ಯಾರ ತೃಪ್ತಿಗಾಗಿ? ಏನೂ ಇಲ್ಲದವನು ಕೈಗಳನ್ನೆತ್ತಿ ಭಕ್ತಿಯನ್ನು ನಿವೇದಿಸಿದರೂ ಪಿತೃಗಳು ತೃಪ್ತರಾಗುವರೆಂದು ವಿಷ್ಣುಪುರಾಣವು ತಿಳಿಸುತ್ತದೆ. ಇನ್ನು ಜಾಗದ ವ್ಯಾಜ್ಯದಿಂದ ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡದೆ, ಒಂದೇ ತಂದೆಗೆ ಎರಡು ಕಡೆ ಪಿಂಡವಿಡುವುದನ್ನೂ ಕಾಣುತ್ತೇವೆ. ಪಾಲಾದವರು ಬೇರೆ ಬೇರೆಯಾಗಿ ಶ್ರಾದ್ಧ ಮಾಡಲು ಶಾಸ್ತ್ರದ ಸಮ್ಮತಿಯುಂಟು. ಮಾತು ಬಿಡಲು ಇಲ್ಲ.

ಪಿತೃದಿನವನ್ನು ನಿಶ್ಚಯವಾಗಿಯೂ ಹಬ್ಬವೆನ್ನಬಹುದು. ಆದರೆ ಇದ್ದವರನ್ನು ಅಗಲಿಸಿಕೊಂಡು ಇಲ್ಲದವರೊಡನೆ ಕೂಡುವೆವೆಂಬುದು ಪರ್ವವಾಗದು. ಈ ಮಹಾಲಯದಲ್ಲಿ ಎಲೆ ಹಾಕುವ ಮೊದಲು ಅಣ್ಣನಿಗೋ ತಮ್ಮನಿಗೋ ಒಂದು ಕರೆ ಹೋಗಲಿ.

ಶ್ರೀಕೃಷ್ಣಾರ್ಪಣಮಸ್ತು.